ಹುಣಸೆಬೀಜದಗಲದ ಕಣಜ

2013ರ ಮಳೆಗಾಲದಲ್ಲಿ ನನ್ನ ಫೋನ್ ಅಡಿಕೆ ತೋಟದ ಹೊಂಡಕ್ಕೆ ಬಿತ್ತು. ಸೋದರಮಾವ ತಾಳಮದ್ದಳೆಯಲ್ಲಿ ಹೇಳಿದ ಕರ್ಣನ ಅರ್ಥ ಅದರಲ್ಲಿತ್ತು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ, ಮಾವನೂ ಆಗ ಬದುಕಿರಲಿಲ್ಲ. ಪೇಟೆಯ ರಿಪೇರಿ ಅಂಗಡಿಯ ಹುಡುಗ ಫೋನ್ ಬಿಚ್ಚಿ ನೋಡಿ, "ಬೋರ್ಡೇ ಹೋಗಿದೆ ಸಾರ್, ಇದು ಇನ್ನು ಏಳಲ್ಲ" ಅಂದ. ಆಮೇಲೆ ಬ್ಯಾಟರಿಯ ಅಡಿಯಿಂದ ಹುಣಸೆಬೀಜದಷ್ಟು ಅಗಲದ ಕರಿ ಚೂರೊಂದನ್ನು ಉಗುರಿನಿಂದ ಎಬ್ಬಿಸಿ, ಬಟ್ಟೆಯಲ್ಲಿ ಒರೆಸಿ ತನ್ನ ಕಂಪ್ಯೂಟರಿಗೆ ಹಾಕಿದ. ಎರಡು ನಿಮಿಷದಲ್ಲಿ ಅಂಗಡಿಯ ತುಂಬ ಮಾವನ ದನಿ ಕೇಳಿಸಿತು.

ನಮ್ಮ ಕಡೆ ಜನ 'ಚಿಪ್' ಎಂದೇ ಕರೆಯುವ ಆ ಮೆಮೊರಿ ಕಾರ್ಡ್ ಎಲ್ಲಿಂದ ಬಂತು ಎಂದು ಹುಡುಕುವ ಆಸೆ ಹುಟ್ಟಿದ್ದು ಅವತ್ತೇ.

ಅದರ ಬೇರು ಜಪಾನಿನಲ್ಲಿದೆ. ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುಒಕ, ವಿದ್ಯುತ್ ಹೋದರೂ ಮಾಹಿತಿ ಅಳಿಯದ ಹೊಸ ಬಗೆಯ ಮೆಮೊರಿಯೊಂದನ್ನು 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಸಣ್ಣ ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕಿ, ಸುತ್ತ ವಿದ್ಯುತ್ ಹರಿಯದ ಪದರದ ಬೇಲಿ ಕಟ್ಟುವುದು ಅದರ ಗುಟ್ಟು. ಬರೆದದ್ದನ್ನು ಒಂದೇ ಏಟಿಗೆ ಅಳಿಸುವ ಅದರ ಗುಣ ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಂತೆ ಸಹೋದ್ಯೋಗಿ ಶೋಜಿ ಅರಿಇಜುಮಿಗೆ ಕಂಡಿತು. 'ಫ್ಲ್ಯಾಶ್' ಎಂಬ ಹೆಸರು ನಿಂತದ್ದು ಹಾಗೆ. 1987ರಲ್ಲಿ ಮಸುಒಕ ಮಂಡಿಸಿದ ನ್ಯಾಂಡ್ ಎಂಬ ಬಗೆಯೇ ಇವತ್ತಿನ ಮೆಮೊರಿ ಕಾರ್ಡುಗಳ ಒಡಲು. ಜಗತ್ತನ್ನೇ ಬದಲಿಸಿದ ಈ ಶೋಧಕ್ಕೆ ತಕ್ಕ ಪ್ರತಿಫಲ ಪಡೆಯಲು ಆತ ಕಂಪನಿಯ ಮೇಲೆ ಮೊಕದ್ದಮೆ ಹೂಡಬೇಕಾಯಿತು. ಅದು 2006ರಲ್ಲಿ ರಾಜಿಯಲ್ಲಿ ಮುಗಿಯಿತು.

ಮೆಮೊರಿ ಹುಟ್ಟಿದ ಮೇಲೆ ಕಾರ್ಡಿಗೆ ಆಕಾರ ಕೊಡುವ ಪೈಪೋಟಿ ಶುರುವಾಯಿತು. 1994ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಶ್, 1995ರಲ್ಲಿ ಸ್ಮಾರ್ಟ್‌ಮೀಡಿಯಾ, 1997ರಲ್ಲಿ ಮಲ್ಟಿಮೀಡಿಯಾ ಕಾರ್ಡ್, 1998ರಲ್ಲಿ ಸೋನಿಯ ಮೆಮೊರಿ ಸ್ಟಿಕ್. ಒಂದಕ್ಕೆ ಕೂರುವ ಕಾರ್ಡ್ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಕ್ಯಾಮೆರಾ ಬದಲಿಸಿದರೆ ಹಳೆಯ ಕಾರ್ಡ್ ಕಸವಾಗುತ್ತಿತ್ತು. 1999ರಲ್ಲಿ ತೋಷಿಬಾ, ಪ್ಯಾನಾಸೋನಿಕ್ ಮತ್ತು ಅಮೆರಿಕದ ಸ್ಯಾನ್‌ಡಿಸ್ಕ್ ಕೂಡಿ ಎಸ್‌ಡಿ ಕಾರ್ಡ್ ಪ್ರಕಟಿಸಿದವು. ಈ ಸ್ಯಾನ್‌ಡಿಸ್ಕನ್ನು 1988ರಲ್ಲಿ ಕಟ್ಟಿದ ಮೂವರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ಒಬ್ಬರು. 2000ದಲ್ಲಿ ಎಸ್‌ಡಿ ಅಸೋಸಿಯೇಷನ್ ಹುಟ್ಟಿತು, ಯಾರೇ ತಯಾರಿಸಲಿ ಅಳತೆ ಒಂದೇ ಇರಬೇಕೆಂಬ ಕಟ್ಟಳೆ ಬಂತು. ನನ್ನ ಮಟ್ಟಿಗೆ ಕಾರ್ಡಿನ ಕತೆಯಲ್ಲಿ ಈ ಒಪ್ಪಂದದ ತೂಕ ಆವಿಷ್ಕಾರದಷ್ಟೇ ದೊಡ್ಡದು. ರಿಪೇರಿ ಅಂಗಡಿಯ ಹುಡುಗ ನನ್ನ ಫೋನಿನ ಕಾರ್ಡನ್ನು ತನ್ನ ಕಂಪ್ಯೂಟರಿನಲ್ಲಿ ಓದಿಸಲು ಸಾಧ್ಯವಾದದ್ದು ಅದರಿಂದಲೇ.

ಆದರೆ 32 ಮಿಲಿಮೀಟರ್ ಉದ್ದದ ಎಸ್‌ಡಿ ಕಾರ್ಡ್ ಫೋನಿಗೆ ದೊಡ್ಡದಾಯಿತು. 2004ರಲ್ಲಿ ಸ್ಯಾನ್‌ಡಿಸ್ಕ್, ಮೊಟೊರೊಲಾ ಜೊತೆ ಸೇರಿ 'ಟ್ರಾನ್ಸ್‌ಫ್ಲ್ಯಾಶ್' ಎಂಬ ಪುಟ್ಟ ಕಾರ್ಡ್ ತಂದಿತು. 15 ಮಿಲಿಮೀಟರ್ ಉದ್ದ, 11 ಅಗಲ, 1 ದಪ್ಪ. ಮರುವರ್ಷ ಎಸ್‌ಡಿ ಅಸೋಸಿಯೇಷನ್ ಅದನ್ನು ಒಪ್ಪಿಕೊಂಡು ಮೈಕ್ರೊಎಸ್‌ಡಿ ಎಂದು ಹೆಸರಿಟ್ಟಿತು. ಆಗಿನ 128 ಎಂಬಿ ಕಾರ್ಡಿನಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ಮೂವತ್ತು ಹಾಡು. 2019ರ ಹೊತ್ತಿಗೆ ಅದೇ ಅಳತೆಯಲ್ಲಿ 1 ಟಿಬಿ ಕಾರ್ಡ್ ಬಂತು, ಅಂದರೆ ಸುಮಾರು ಎಂಟು ಸಾವಿರ ಪಟ್ಟು.

ನಮ್ಮ ಊರುಗಳಲ್ಲಿ ಈ ಕಾರ್ಡ್ ರೇಡಿಯೊ, ಕ್ಯಾಸೆಟ್ ಎರಡರ ಜಾಗವನ್ನೂ ತುಂಬಿತು. ಬಸ್ ನಿಲ್ದಾಣದ ಪಕ್ಕದ ರೀಚಾರ್ಜ್ ಅಂಗಡಿಯಲ್ಲಿ ಚಿಪ್ ಕೊಟ್ಟು 'ಹಾಡು ಹಾಕಿಸಿಕೊಂಡು' ಬರುವುದು ಸಂತೆಯ ದಿನದ ಕೆಲಸಗಳಲ್ಲಿ ಒಂದಾಗಿತ್ತು. 'ಮುಂಗಾರು ಮಳೆ'ಯ ಹಾಡುಗಳು ಎಷ್ಟೋ ಹಳ್ಳಿಗಳಿಗೆ ಹೋದದ್ದು ಹೀಗೆ. ಹಾಡು ಬರೆದವರಿಗೆ, ಹಾಡಿದವರಿಗೆ ಅದರಿಂದ ಕಾಸು ಬರಲಿಲ್ಲ, ಅದು ತಪ್ಪೇ. ಆದರೆ ಇಂಟರ್‌ನೆಟ್ ಕುಂಟುತ್ತಿದ್ದ ಕಾಲದಲ್ಲಿ ಜನ ತಮಗೆ ಬೇಕಾದದ್ದನ್ನು ತಾವೇ ಆರಿಸಿ ಕೂಡಿಟ್ಟುಕೊಂಡದ್ದು ಈ ಚೂರಿನಿಂದ. ಟ್ರ್ಯಾಕ್ಟರಿನ ಪ್ಲೇಯರಿಗೆ, ದೇವರ ಮನೆಯ ಸ್ಪೀಕರಿಗೆ, ಅಜ್ಜಿಯ ಕೀಪ್ಯಾಡ್ ಫೋನಿಗೆ ಒಂದೇ ಕಾರ್ಡ್ ಸುತ್ತು ಹೊಡೆಯುತ್ತಿತ್ತು.

ದುಬಾರಿ ಫೋನುಗಳಿಂದ ಕಾರ್ಡಿನ ಕಿಂಡಿ ಬರಬರುತ್ತ ಮಾಯವಾಯಿತು. 2007ರ ಮೊದಲ ಐಫೋನಿನಲ್ಲೇ ಅದು ಇರಲಿಲ್ಲ. ಸ್ಯಾಮ್ಸಂಗ್ 2015ರಲ್ಲಿ ಗ್ಯಾಲಕ್ಸಿ ಎಸ್6ನಿಂದ ತೆಗೆಯಿತು, ಮರುವರ್ಷ ಎಸ್7ರಲ್ಲಿ ಮರಳಿ ಕೊಟ್ಟಿತು, 2021ರ ಎಸ್21ರಲ್ಲಿ ಮತ್ತೆ ತೆಗೆಯಿತು. ಕಾರಣಗಳಿಲ್ಲದೆ ಇಲ್ಲ. ಫೋನಿನೊಳಗಿನ ಸಂಗ್ರಹ ಕಾರ್ಡಿಗಿಂತ ಬಹಳ ವೇಗ. ಅಗ್ಗದ ಕಾರ್ಡ್ ಹಾಕಿದರೆ ಆ್ಯಪ್‌ಗಳು ತಡವರಿಸುತ್ತವೆ. ಕಳೆದುಹೋದ ಕಾರ್ಡನ್ನು ಯಾರು ಬೇಕಾದರೂ ತೆರೆಯಬಹುದು. 2015ರಲ್ಲಿ ಆಂಡ್ರಾಯ್ಡ್ 6 ಕಾರ್ಡನ್ನು ಫೋನಿನ ಒಳಸಂಗ್ರಹವಾಗಿಯೇ ಬಳಸುವ ದಾರಿ ತಂದಿತು. ಹಾಗೆ ಮಾಡಿದ ಕಾರ್ಡಿಗೆ ಗೂಢಲಿಪಿಯ ಬೀಗ ಬೀಳುತ್ತದೆ, ಅದು ಬೇರೆ ಫೋನಿನಲ್ಲಿ ತೆರೆಯುವುದಿಲ್ಲ. ಸುರಕ್ಷತೆ ಸಿಕ್ಕಿತು, ನಿಜ. ಆದರೆ ಆ ಫೋನ್ ಹೊಂಡಕ್ಕೆ ಬಿದ್ದರೆ ಕಾರ್ಡಿನಲ್ಲಿದ್ದದ್ದೂ ಜೊತೆಗೇ ಮುಳುಗುತ್ತದೆ.

ಕಿಂಡಿ ಹೋದಾಗ ಗ್ರಾಹಕನಿಗೆ ಉಳಿದದ್ದು ಎರಡೇ ದಾರಿ: ಹೆಚ್ಚು ಹಣ ಕೊಟ್ಟು ದೊಡ್ಡ ಸಂಗ್ರಹದ ಫೋನ್ ಕೊಳ್ಳುವುದು, ಇಲ್ಲವೇ ಕ್ಲೌಡಿಗೆ ಬಾಡಿಗೆ ಕಟ್ಟುವುದು. ಕ್ಲೌಡ್ ಕೆಟ್ಟದ್ದೆಂದು ನಾನು ಹೇಳಲಾರೆ. ಫೋನ್ ಕಳುವಾದರೂ ಫೋಟೊ ಉಳಿಸುವ ಶಕ್ತಿ ಅದಕ್ಕಿದೆ. ಆದರೆ ಮನೆಯ ಕಣಜದಲ್ಲಿರುವ ಭತ್ತಕ್ಕೂ ಗೋದಾಮಿನಲ್ಲಿಟ್ಟ ಭತ್ತಕ್ಕೂ ವ್ಯತ್ಯಾಸವಿದೆ. ಗೋದಾಮಿನ ಬಾಡಿಗೆ ನಿಲ್ಲಿಸುವ ಹಾಗಿಲ್ಲ, ಬಾಗಿಲಿನ ಕೀಲಿ ನಮ್ಮ ಸೊಂಟದಲ್ಲಿರುವುದಿಲ್ಲ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಲೆನಾಡಿನ ಮನೆಗಳಿಗೆ ಆ ಗೋದಾಮು ಇನ್ನೂ ದೂರವೇ. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಕಿಂಡಿ ಇವತ್ತಿಗೂ ಉಳಿದಿದೆ. ಅದು ಉಳಿಯಬೇಕು, ದುಬಾರಿ ಫೋನಿಗೂ ಮರಳಬೇಕು.

ಕಾರ್ಡ್ ಇದ್ದವರು ತಿಳಿದಿರಬೇಕಾದ ಮಾತೂ ಇದೆ. ಫ್ಲ್ಯಾಶ್ ಕೋಶದ ಬೇಲಿ ಶಾಶ್ವತವಲ್ಲ. ಬರೆದು ಅಳಿಸಿದಷ್ಟೂ ಅದು ಸವೆಯುತ್ತದೆ. ವರ್ಷಗಟ್ಟಲೆ ಸುಮ್ಮನೆ ಇಟ್ಟರೂ ಒಳಗಿನ ಎಲೆಕ್ಟ್ರಾನ್‌ಗಳು ಮೆಲ್ಲಗೆ ಸೋರುತ್ತವೆ. ಮೇಲೆ 512 ಜಿಬಿ ಎಂದು ಬರೆದು ಒಳಗೆ 16 ಜಿಬಿ ಮಾತ್ರ ಇರುವ ನಕಲಿ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿವೆ. ತುಂಬಿದ ಮೇಲೆ ಹಾಕಿದ್ದೆಲ್ಲ ಅವುಗಳಲ್ಲಿ ಹಾಳಾಗುತ್ತದೆ. ಅದಕ್ಕೇ ನಂಬಿಕೆಯ ಅಂಗಡಿಯಲ್ಲಿ ಬಿಲ್ ಸಹಿತ ಕೊಳ್ಳಿ. ಫೋನ್ ರಿಪೇರಿಗೆ ಕೊಡುವ ಮೊದಲು ಕಾರ್ಡ್ ತೆಗೆದಿಟ್ಟುಕೊಳ್ಳಿ.

ನಿಮ್ಮ ಮನೆಯ ಮೇಜಿನ ಖಾನೆಯಲ್ಲೋ ಹೊಲಿಗೆ ಡಬ್ಬಿಯಲ್ಲೋ ಹಳೆಯ ಚಿಪ್ ಒಂದು ಬಿದ್ದಿರಬಹುದು. ಅದರಲ್ಲಿ ಯಾರ ದನಿ, ಯಾರ ಮುಖ ಇದೆಯೋ. ಈ ಭಾನುವಾರವೇ ಅದನ್ನು ಹುಡುಕಿ ತೆಗೆಯಿರಿ. ಕಂಪ್ಯೂಟರಿಗೆ ಹಾಕಿ ಎರಡು ಕಡೆ ಪ್ರತಿ ಮಾಡಿಡಿ. ಸೋದರಮಾವನ ಕರ್ಣ ಈಗ ನಮ್ಮ ಮನೆಯಲ್ಲಿ ಮೂರು ಕಡೆ ಇದ್ದಾನೆ.