ಉತ್ತಮ ಪುರುಷದ ಆಟ, ಬಿಟ್‌ಗಳ ಆಯವ್ಯಯ

ಗಣಕಯಂತ್ರದ ಆಟಗಳಲ್ಲಿ ‘ಫಸ್ಟ್ ಪರ್ಸನ್ ಶೂಟರ್’ ಎಂಬುದೊಂದು ಬಗೆ. ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್, ಏಪೆಕ್ಸ್ ಲೆಜೆಂಡ್ಸ್ ಮೊದಲಾದವು ಇದಕ್ಕೆ ಸೇರಿದವು. ಹೆಸರನ್ನು ಪದಶಃ ಅನುವಾದಿಸಿ ‘ಪ್ರಥಮ ಪುರುಷ’ ಎಂದರೆ ಕನ್ನಡ ವ್ಯಾಕರಣ ಓದಿದವರಿಗೆ ಅದು ‘ಅವನು, ಅವಳು’ ಆಗಿಬಿಡುತ್ತದೆ. ಇಲ್ಲಿ ಉದ್ದೇಶಿತವಾದುದು ‘ನಾನು’ ಎಂಬ ಉತ್ತಮ ಪುರುಷ. ಆಟಗಾರನ ದೇಹ ಪರದೆಯ ಮೇಲೆ ಕಾಣುವುದಿಲ್ಲ. ಕಾಣುವುದು ಅವನ ಕೈಯ ಆಯುಧ ಮತ್ತು ಅವನ ಕಣ್ಣಿಗೆ ಬಿದ್ದ ಜಗತ್ತು. ಪರದೆಯೇ ಕಣ್ಣು, ಕಣ್ಣು ಹೊರಳಿದರೆ ಪರದೆಯ ಮೇಲಿನ ಸಮಸ್ತವೂ ಹೊರಳುತ್ತದೆ. ಈ ಒಂದು ಲಕ್ಷಣದಿಂದಲೇ ಇಂಥ ಆಟವನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡುವುದು ಕಷ್ಟವಾಗಿದೆ. ಚದುರಂಗದ ಪಂದ್ಯವನ್ನೋ ಉಪನ್ಯಾಸವನ್ನೋ ಸೊಗಸಾಗಿ ತೋರಿಸುವ ಸೆಟ್ಟಿಂಗ್‌ಗಳೇ ಇಲ್ಲಿ ಚಿತ್ರವನ್ನು ಮಸುಕಾದ ಚೌಕಗಳನ್ನಾಗಿ ಒಡೆಯುತ್ತವೆ. ಅದೂ ನೋಡುಗನು ಉಸಿರು ಬಿಗಿಹಿಡಿದಿರುವ ಗಳಿಗೆಯಲ್ಲಿಯೇ.

ಕಷ್ಟದ ಪ್ರಮಾಣ ತಿಳಿಯಲು ಸ್ವಲ್ಪ ಲೆಕ್ಕ ಬೇಕು. 1920×1080 ಅಳತೆಯ ಒಂದು ಫ್ರೇಮ್‌ನಲ್ಲಿ 20,73,600 ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ನ ಬಣ್ಣಕ್ಕೆ 24 ಬಿಟ್‌ಗಳಂತೆ, ಸೆಕೆಂಡಿಗೆ 60 ಫ್ರೇಮ್‌ಗಳಂತೆ ಎಣಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್‌ಗಳಾಗುತ್ತವೆ. ಟ್ವಿಚ್ ತಾಣವು ಇಂಥ ಪ್ರಸಾರಕ್ಕೆ ಬಹುಕಾಲದಿಂದ ಸೂಚಿಸುತ್ತ ಬಂದಿರುವ ಮಿತಿ ಸೆಕೆಂಡಿಗೆ 6000 ಕಿಲೋಬಿಟ್, ಎಂದರೆ 60 ಲಕ್ಷ ಬಿಟ್‌ಗಳು. ಐದುನೂರು ಮಾತುಗಳಲ್ಲಿ ಹೇಳಬೇಕಾದುದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಕಾದ ಸ್ಥಿತಿ ಇದು. ಹೀಗೆ ಅಡಕಗೊಳಿಸುವ ಕಾರ್ಯಕ್ಕೆ ಎನ್‌ಕೋಡಿಂಗ್ ಎಂದೂ, ಅದನ್ನು ನಡೆಸುವ ತಂತ್ರಾಂಶ ಅಥವಾ ಯಂತ್ರಾಂಶಕ್ಕೆ ಎನ್‌ಕೋಡರ್ ಎಂದೂ ಹೆಸರು.

ಎನ್‌ಕೋಡರ್ ಇದನ್ನು ಸಾಧಿಸುವ ಉಪಾಯ ಭಾಷೆಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ‘ರಾಮನು ಕಾಡಿಗೆ ಹೋದನು, ಸೀತೆಯೂ’ ಎಂದಾಗ ಎರಡನೆಯ ವಾಕ್ಯದ ಕ್ರಿಯಾಪದವನ್ನು ಓದುಗನು ಅಧ್ಯಾಹಾರ ಮಾಡಿಕೊಳ್ಳುತ್ತಾನೆ. ಎನ್‌ಕೋಡರ್ ಕೂಡ ಹಿಂದಿನ ಫ್ರೇಮ್‌ನಲ್ಲಿ ಬಂದುಹೋದುದನ್ನು ಮತ್ತೆ ಹೇಳುವುದಿಲ್ಲ. 2003ರಲ್ಲಿ ರೂಪುಗೊಂಡು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್.264 ಮಾನಕದಲ್ಲಿ ಚಿತ್ರವನ್ನು 16×16 ಪಿಕ್ಸೆಲ್‌ಗಳ ಚೌಕಗಳಾಗಿ ವಿಭಾಗಿಸಲಾಗುತ್ತದೆ. ಪೂರ್ಣವಾಗಿ ಬರೆದ ಫ್ರೇಮ್ ಒಂದಿರುತ್ತದೆ; ಅದಕ್ಕೆ ಕೀ ಫ್ರೇಮ್ ಎನ್ನುತ್ತಾರೆ. ಅನಂತರದವುಗಳಲ್ಲಿ ‘ಈ ಚೌಕ ಹಿಂದಿನಂತೆಯೇ ಇದೆ’, ‘ಈ ಚೌಕ ಎಡಕ್ಕೆ ಇಷ್ಟು ಸರಿದಿದೆ’ ಎಂಬ ಸೂಚನೆಗಳೂ, ಉಳಿದ ಅಲ್ಪ ವ್ಯತ್ಯಾಸದ ವಿವರವೂ ಮಾತ್ರ ಇರುತ್ತವೆ. ಕಪ್ಪುಹಲಗೆಯ ಮುಂದೆ ನಿಂತು ಮಾತನಾಡುವ ಅಧ್ಯಾಪಕರ ವಿಡಿಯೋದಲ್ಲಿ ಬಹುಪಾಲು ಚೌಕಗಳು ಹಿಂದಿನಂತೆಯೇ ಇರುವುದರಿಂದ ಬಿಟ್‌ಗಳು ಯಥೇಚ್ಛವಾಗಿ ಉಳಿಯುತ್ತವೆ.

ಉತ್ತಮ ಪುರುಷದ ಆಟದಲ್ಲಿ ಈ ಅಧ್ಯಾಹಾರ ಎಷ್ಟರಮಟ್ಟಿಗೆ ಸಾಧ್ಯ? ಪರದೆಯ ಅಗಲದಲ್ಲಿ 90 ಡಿಗ್ರಿ ನೋಟ ಹಿಡಿಸಿದೆ ಎಂದುಕೊಳ್ಳೋಣ. ಆಟಗಾರನು ನಿಧಾನವಾಗಿ, ಎರಡು ಸೆಕೆಂಡುಗಳಲ್ಲಿ 90 ಡಿಗ್ರಿ ತಿರುಗಿದರೆ ದೃಶ್ಯವು ಪ್ರತಿ ಫ್ರೇಮ್‌ಗೆ ಸರಿಸುಮಾರು 16 ಪಿಕ್ಸೆಲ್ ಸರಿಯುತ್ತದೆ. ಎನ್‌ಕೋಡರ್ ಅದನ್ನು ಸುಲಭವಾಗಿ ಹುಡುಕಿ ಗುರುತಿಸುತ್ತದೆ. ಬೆನ್ನ ಹಿಂದೆ ಹೆಜ್ಜೆಯ ಸದ್ದು ಕೇಳಿ, ಮಣಿಕಟ್ಟನ್ನು ಝಾಡಿಸಿ, ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ 180 ಡಿಗ್ರಿ ತಿರುಗಿದನೆನ್ನಿ. ಆಗ ಸರಿಯುವುದು ಪ್ರತಿ ಫ್ರೇಮ್‌ಗೆ ಸುಮಾರು 320 ಪಿಕ್ಸೆಲ್. ನೇರಪ್ರಸಾರದ ಅವಸರದಲ್ಲಿ ಎನ್‌ಕೋಡರ್ ಅಷ್ಟು ದೂರ ಹುಡುಕುವುದು ವಿರಳ; ಹುಡುಕಿದರೂ ಹನ್ನೆರಡು ಫ್ರೇಮ್‌ಗಳೊಳಗೆ ದೃಶ್ಯವೆಲ್ಲ ಹೊಸದಾಗಿರುತ್ತದೆ. ಇದರ ಮೇಲೆ ಹುಲ್ಲು, ಎಲೆ, ಮಳೆ, ಹೊಗೆ, ಗುಂಡಿನ ಮಿಂಚು. ಇವುಗಳಲ್ಲಿ ಯಾವುದೂ ಚೌಕವಾಗಿ ಸರಿಯುವುದಿಲ್ಲ. ಸಮತಲ ಬಣ್ಣಗಳ ವ್ಯಾಲೊರಂಟ್ ಸಾಧಾರಣ ಬಿಟ್‌ರೇಟ್‌ನಲ್ಲಿಯೂ ಸಹನೀಯವಾಗಿ ಕಾಣುವುದಕ್ಕೂ, ಗಿಡಮರಗಳಿಂದ ತುಂಬಿದ ಯುದ್ಧಭೂಮಿಯ ಆಟಗಳು ಕಲಸಿದಂತೆ ಕಾಣುವುದಕ್ಕೂ ಕಾರಣ ಇದೇ.

ಹೇಳಬೇಕಾದುದು ಒಮ್ಮೆಲೇ ಹೆಚ್ಚಿದಾಗ ಬಿಟ್‌ಗಳು ಹೆಚ್ಚುವುದಿಲ್ಲ. ಆದ್ದರಿಂದ ಎನ್‌ಕೋಡರ್ ವಿವರವನ್ನು ಒರಟುಗೊಳಿಸುತ್ತದೆ. ತಿರುಗುತ್ತಿರುವಾಗ ಒರಟಾದುದನ್ನು ಕಣ್ಣು ಗಮನಿಸುವುದಿಲ್ಲ. ಆದರೆ ತಿರುಗಿ ನಿಂತ ಮರುಕ್ಷಣ, ಎದುರಾಳಿ ಕಾಣಿಸಿಕೊಂಡಾಗ, ಚಿತ್ರ ಇನ್ನೂ ಚೇತರಿಸಿಕೊಂಡಿರುವುದಿಲ್ಲ. ಪ್ರಸಾರದ ಸೆಟ್ಟಿಂಗ್‌ಗಳನ್ನು ತಿದ್ದುವ ಕೆಲಸವೆಲ್ಲ ಈ ಚೇತರಿಕೆಯನ್ನು ಬೇಗ ತರುವುದಕ್ಕಾಗಿ.

ಮೊದಲು ತೀರ್ಮಾನಿಸಬೇಕಾದುದು ಚಿತ್ರದ ಅಳತೆಯನ್ನು. 6000 ಕಿಲೋಬಿಟ್‌ಗಳನ್ನು 1080ರ ಅಳತೆಯ 60 ಫ್ರೇಮ್‌ಗಳಿಗೆ ಹಂಚಿದರೆ ಒಂದು ಪಿಕ್ಸೆಲ್‌ಗೆ ದೊರೆಯುವುದು 0.048 ಬಿಟ್. 1600×900ಕ್ಕೆ ಇಳಿಸಿದರೆ 0.069; 1280×720ಕ್ಕೆ ಇಳಿಸಿದರೆ 0.109. ಚಿತ್ರ ಚಿಕ್ಕದಾದಷ್ಟೂ ಪ್ರತಿ ಪಿಕ್ಸೆಲ್‌ನ ಪಾಲು ಹೆಚ್ಚು. ‘ಹಾಗಾದರೆ 1080ನ್ನೇ ಉಳಿಸಿಕೊಂಡು ಫ್ರೇಮ್‌ಗಳನ್ನು 30ಕ್ಕೆ ಇಳಿಸಬಾರದೇ, ಪಾಲು ಇಮ್ಮಡಿಯಾಗುತ್ತದಲ್ಲ?’ ಎಂಬ ಪ್ರಶ್ನೆ ಸಹಜ. ಲೆಕ್ಕದಲ್ಲಿ ಇಮ್ಮಡಿಯಾಗುತ್ತದೆ ನಿಜ, ಫಲದಲ್ಲಿ ಆಗುವುದಿಲ್ಲ. ಫ್ರೇಮ್‌ಗಳ ನಡುವಣ ಅಂತರ ಹೆಚ್ಚಿದಂತೆ ಅವುಗಳ ವ್ಯತ್ಯಾಸವೂ ಹೆಚ್ಚುತ್ತದೆ. ಮೇಲಿನ ಉದಾಹರಣೆಯ 320 ಪಿಕ್ಸೆಲ್ 640 ಆಗುತ್ತದೆ, ಅಧ್ಯಾಹಾರದ ಅವಕಾಶ ಮತ್ತಷ್ಟು ಕುಗ್ಗುತ್ತದೆ. ಜೊತೆಗೆ ಚಲನೆ ಕುಂಟುತ್ತದೆ. ಈ ಬಗೆಯ ಆಟಕ್ಕೆ ಅಳತೆಯನ್ನು ಬಿಟ್ಟುಕೊಟ್ಟು ಫ್ರೇಮ್‌ಗಳನ್ನು ಉಳಿಸಿಕೊಳ್ಳುವುದೇ ಲೇಸು. ಆಟವನ್ನು ಪೂರ್ಣ ಅಳತೆಯಲ್ಲಿಯೇ ಆಡುತ್ತ, ಓಬಿಎಸ್ ಸ್ಟುಡಿಯೋದಂತಹ ಪ್ರಸಾರದ ತಂತ್ರಾಂಶದಲ್ಲಿ ಹೊರಹೋಗುವ ಅಳತೆಯನ್ನು ಮಾತ್ರ ಇಳಿಸಬಹುದು. ಕುಗ್ಗಿಸುವ ಕ್ರಮಗಳಲ್ಲಿ ಲ್ಯಾಂಕ್ಜೋಸ್ ಎಂಬುದು ಅಂಚುಗಳನ್ನು ಹರಿತವಾಗಿ ಉಳಿಸುತ್ತದೆ.

ಎನ್‌ಕೋಡಿಂಗನ್ನು ಯಾರಿಗೆ ವಹಿಸಬೇಕೆಂಬುದು ಅನಂತರದ ವಿಚಾರ. ಎಕ್ಸ್264 ಎಂಬ ತಂತ್ರಾಂಶವು ಗಣಕದ ಮುಖ್ಯ ಸಂಸ್ಕಾರಕದ ಮೇಲೆ ನಡೆಯುತ್ತದೆ. ಅದರಲ್ಲಿ ‘ಅಲ್ಟ್ರಾಫಾಸ್ಟ್’ನಿಂದ ‘ವೆರಿಸ್ಲೋ’ವರೆಗೆ, ಅದರಾಚೆಗೂ ಹಂತಗಳಿವೆ, ನಿಧಾನವಾದಷ್ಟೂ ಅದೇ ಬಿಟ್‌ಗಳಲ್ಲಿ ಹೆಚ್ಚು ವಿವರ ಉಳಿಯುತ್ತದೆ, ಸಂಸ್ಕಾರಕದ ಮೇಲಿನ ಹೊರೆಯೂ ಬೆಳೆಯುತ್ತದೆ. ಆದರೆ ಗುಂಡುಹಾರಿಸುವ ಆಟಕ್ಕೂ ಅದೇ ಸಂಸ್ಕಾರಕ ಬೇಕು. ಒಂದೇ ಗಣಕ ಇರುವವರು ಗ್ರಾಫಿಕ್ಸ್ ಕಾರ್ಡಿನಲ್ಲಿಯೇ ಇರುವ ಪ್ರತ್ಯೇಕ ಎನ್‌ಕೋಡರನ್ನು ಬಳಸುವುದು ಉಚಿತ. ಎನ್ವಿಡಿಯಾದ ಎನ್‌ವೆಂಕ್ 2012ರಿಂದ ಇದ್ದರೂ ಅದರ ಚಿತ್ರಗುಣ ಗಮನಾರ್ಹವಾಗಿ ಸುಧಾರಿಸಿದ್ದು 2018ರ ಟ್ಯೂರಿಂಗ್ ಪೀಳಿಗೆಯಲ್ಲಿ. ಎಚ್.264ಕ್ಕಿಂತ ಮಿತವ್ಯಯಿಯಾದ ಎವಿ1 ಮಾನಕವನ್ನು ಎನ್‌ಕೋಡ್ ಮಾಡಬಲ್ಲ ಕಾರ್ಡುಗಳು 2022ರಿಂದ ಮಾರುಕಟ್ಟೆಗೆ ಬಂದಿವೆ. ಯೂಟ್ಯೂಬ್ ನೇರಪ್ರಸಾರಕ್ಕೆ ಅದನ್ನು ಸ್ವೀಕರಿಸುತ್ತದೆ.

ಬಿಟ್‌ರೇಟನ್ನು ಏರಿಳಿಯಲು ಬಿಡದೆ ಸ್ಥಿರವಾಗಿ, ಸಿಬಿಆರ್ ಕ್ರಮದಲ್ಲಿ ಇಡಬೇಕು. ಅಂತರ್ಜಾಲದ ಅಪ್‌ಲೋಡ್ ವೇಗವನ್ನು ಅಳೆದು, ಅದರ ಮುಕ್ಕಾಲು ಭಾಗವನ್ನು ಮೀರದಂತೆ ನೋಡಿಕೊಳ್ಳಬೇಕು. ಕೀ ಫ್ರೇಮ್‌ಗಳ ನಡುವೆ 2 ಸೆಕೆಂಡು ಅಂತರ ಸಾಕು. ಅದಕ್ಕಿಂತ ಪದೇಪದೇ ಬಂದರೆ ಪೂರ್ಣ ಫ್ರೇಮ್‌ಗಳೇ ಬಿಟ್‌ಗಳನ್ನು ನುಂಗುತ್ತವೆ. ತೀರ ವಿರಳವಾದರೆ ನಡುವೆ ಬಂದ ನೋಡುಗನು ಚಿತ್ರಕ್ಕಾಗಿ ಕಾಯಬೇಕಾಗುತ್ತದೆ.

ಇಷ್ಟಾದರೂ ಪ್ರಸಾರ ತಡವರಿಸಿದರೆ ಅನೇಕರು ತಕ್ಷಣ ಬಿಟ್‌ರೇಟನ್ನು ದೂರುತ್ತಾರೆ. ಇದು ರೋಗ ತಿಳಿಯದೆ ಔಷಧ ಕೊಟ್ಟಂತೆ. ಓಬಿಎಸ್‌ನ ಅಂಕಿಅಂಶದ ಫಲಕವು ಕಳೆದುಹೋದ ಫ್ರೇಮ್‌ಗಳನ್ನು ಮೂರು ಬಗೆಯಾಗಿ ಎಣಿಸಿ ತೋರಿಸುತ್ತದೆ. ‘ರೆಂಡರಿಂಗ್ ಲ್ಯಾಗ್’ ಏರುತ್ತಿದ್ದರೆ ಆಟವು ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ಆಕ್ರಮಿಸಿಕೊಂಡು, ಪ್ರಸಾರದ ದೃಶ್ಯವನ್ನು ಜೋಡಿಸಲು ಓಬಿಎಸ್‌ಗೆ ಅವಕಾಶ ಉಳಿಸಿಲ್ಲವೆಂದು ಅರ್ಥ. ಆಟ 200 ಫ್ರೇಮ್‌ಗಳಲ್ಲಿ ಓಡುತ್ತಿದ್ದರೆ 144ಕ್ಕೆ ಮಿತಿ ಹಾಕುವುದೇ ಪರಿಹಾರ. ಸ್ಪರ್ಧೆಯ ಆಟಗಾರರಿಗೆ ಇದು ರುಚಿಸದು. ಆದರೆ ಪ್ರಸಾರವೂ ಬೇಕು, ಕೊನೆಯ ಫ್ರೇಮೂ ಬೇಕು ಎಂದರೆ ಎರಡನೆಯ ಗಣಕವೇ ಬೇಕು. ‘ಎನ್‌ಕೋಡಿಂಗ್ ಲ್ಯಾಗ್’ ಕಂಡರೆ ಎನ್‌ಕೋಡರ್‌ಗೆ ಕೆಲಸ ಹೆಚ್ಚಾಗಿದೆ. ವೇಗದ ಹಂತಕ್ಕೆ ಸರಿಯಬೇಕು ಅಥವಾ ಅಳತೆಯನ್ನು ಇಳಿಸಬೇಕು. ‘ಡ್ರಾಪ್ಡ್ ಫ್ರೇಮ್ಸ್’ ಮಾತ್ರ ಅಂತರ್ಜಾಲದ ದೋಷ. ಬಿಟ್‌ರೇಟ್ ಇಳಿಸಬೇಕಾದುದು ಆಗ. ಅದಕ್ಕೂ ಮೊದಲು ವೈಫೈ ಬಿಟ್ಟು ಕೇಬಲ್ ಜೋಡಿಸಿ ನೋಡಬೇಕು.

ಇಲ್ಲಿಯವರೆಗಿನದು ಪ್ರಸಾರ ಮಾಡುವವನ ಕಡೆಯ ಲೆಕ್ಕ. ನೋಡುವವನ ಕಡೆಗೂ ಒಂದು ಲೆಕ್ಕವಿದೆ. ಯೂಟ್ಯೂಬ್ ಬಂದ ಪ್ರಸಾರವನ್ನು ಹಲವು ಅಳತೆಗಳಲ್ಲಿ ಮರುರೂಪಿಸಿ ಕೊಡುತ್ತದೆ. ಟ್ವಿಚ್‌ನಲ್ಲಿ ಈ ಸೌಲಭ್ಯ ಸಣ್ಣ ವಾಹಿನಿಗಳಿಗೆ ಯಾವಾಗಲೂ ದೊರೆಯುವುದಿಲ್ಲ. ದೊರೆಯದಿದ್ದಾಗ 6000 ಕಿಲೋಬಿಟ್ ಕಳುಹಿಸಿದರೆ ನೋಡುಗನೂ 6000ವನ್ನೇ ಇಳಿಸಿಕೊಳ್ಳಬೇಕು. ಗಂಟೆಗೆ 2.7 ಜಿಬಿ. ದಿನಕ್ಕೆ 1.5 ಜಿಬಿಯ ಮೊಬೈಲ್ ಯೋಜನೆಯಲ್ಲಿ ತಾಳವಾಡಿಯಲ್ಲೋ ಜತ್ತದಲ್ಲೋ ಕುಳಿತು ನೋಡುವವನ ಪಾಲಿಗೆ ಅದು 33 ನಿಮಿಷಗಳಲ್ಲಿ ಮುಗಿಯುತ್ತದೆ. ಅದೇ ಆಟವನ್ನು 720ರ ಅಳತೆಯಲ್ಲಿ, 60 ಫ್ರೇಮ್‌ಗಳನ್ನು ಉಳಿಸಿಕೊಂಡು, 3500 ಕಿಲೋಬಿಟ್‌ನಲ್ಲಿ ಕಳುಹಿಸಿದರೆ 57 ನಿಮಿಷ ನೋಡಬಹುದು. ವಿಚಿತ್ರವೆಂದರೆ ಆಗ ಪ್ರತಿ ಪಿಕ್ಸೆಲ್‌ಗೆ 0.063 ಬಿಟ್ ಸಿಗುತ್ತದೆ; ಆ ದುಬಾರಿ 1080ಕ್ಕಿಂತ ಹೆಚ್ಚು. ಅಂಗೈಯಗಲದ ಪರದೆಯಲ್ಲಿ ಕಡಿಮೆ ಬಿಟ್‌ರೇಟ್‌ನ ಚಿತ್ರವೇ ತಿರುಗಾಟದ ಗಳಿಗೆಯಲ್ಲಿ ಹೆಚ್ಚು ಸ್ವಚ್ಛವಾಗಿ ಕಾಣುವುದುಂಟು. ಧ್ವನಿಗೆ ಮೀಸಲಾದ 160 ಕಿಲೋಬಿಟ್‌ಗಳನ್ನು ಮಾತ್ರ ಕಡಿಯಬಾರದು. ಆಡುತ್ತ ಕನ್ನಡದಲ್ಲಿ ವಿವರಿಸುವವನ ಮಾತು ಅಸ್ಪಷ್ಟವಾದರೆ ನೋಡುಗನಿಗೆ ನಷ್ಟವಾಗುವುದು ಚಿತ್ರ ಮಸುಕಾದುದಕ್ಕಿಂತ ಹೆಚ್ಚು, ಉಳಿಯುವುದೋ ತೀರ ಅಲ್ಪ.

ಸೆಟ್ಟಿಂಗ್‌ಗಳನ್ನು ಪರೀಕ್ಷಿಸಲು ಪ್ರಸಾರವನ್ನೇ ಆರಂಭಿಸಬೇಕಿಲ್ಲ. ಅದೇ ಬಿಟ್‌ರೇಟ್, ಅದೇ ಅಳತೆಯಲ್ಲಿ ಐದು ನಿಮಿಷ ಗಣಕದಲ್ಲಿಯೇ ಮುದ್ರಿಸಿಕೊಳ್ಳಬೇಕು. ಮುದ್ರಿಸುವಾಗ ಹುಲ್ಲು ಹೆಚ್ಚಾಗಿರುವ ಜಾಗಕ್ಕೆ ಹೋಗಿ, ಹೊಗೆಯ ನಡುವೆ ನಿಂತು, ಬೇಕೆಂದೇ ರಭಸದಿಂದ ತಿರುಗಬೇಕು. ಆಮೇಲೆ ಆ ಜಾಗದಲ್ಲಿ ವಿಡಿಯೋವನ್ನು ನಿಲ್ಲಿಸಿ, ತಿರುಗಿ ನಿಂತ ಮೇಲಿನ ಫ್ರೇಮ್‌ಗಳನ್ನು ಒಂದೊಂದಾಗಿ ಮುಂದೆ ಸರಿಸುತ್ತ, ದೂರದ ಎದುರಾಳಿ ಎಷ್ಟನೆಯ ಫ್ರೇಮ್‌ನಲ್ಲಿ ಗುರುತು ಸಿಗುತ್ತಾನೆಂದು ಎಣಿಸಬೇಕು.