ನೀಲಿ ಮಾತ್ರ ಕಾಣುವ ಕಾಗದ

ಕಪ್ಪು-ಬಿಳುಪಿನ ಕಾಲದಲ್ಲಿ ಹೆಬ್ಬೂರಿನಂಥ ಹೋಬಳಿ ಊರಲ್ಲಿ ಡಾರ್ಕ್‌ರೂಮ್ ಇಟ್ಟುಕೊಂಡವರಿಗೆ ನೆಗೆಟಿವ್‌ಗಿಂತ ದೊಡ್ಡ ತಲೆನೋವು ಕರೆಂಟು. ತೋಟದ ಪಂಪ್‌ಸೆಟ್‌ಗಳು ಒಟ್ಟಿಗೆ ಓಡತೊಡಗಿದರೆ ವೋಲ್ಟೇಜ್ ಕುಸಿಯುತ್ತಿತ್ತು. ಬೆಳಗ್ಗೆ 10 ಸೆಕೆಂಡಿಗೆ ಸರಿಯಾಗಿ ಬಂದ ಪ್ರಿಂಟು, ಆಗ ಅಷ್ಟೇ ಹೊತ್ತಿಗೆ ಪೇಲವವಾಗಿ ಬರುತ್ತಿತ್ತು. ‘ಈ ಸಲದ ಪೇಪರೇ ಸ್ಲೋ’ ಎಂದು ಅಂಗಡಿಯವರನ್ನು ಬೈಯುವುದು ಸುಲಭ, ತಪ್ಪು ಬಲ್ಬಿನದು. ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಎನ್‌ಲಾರ್ಜರ್ ಬಲ್ಬಿನ ಬೆಳಕು ನೂರಕ್ಕೆ ಸುಮಾರು 30ರಷ್ಟು ಇಳಿಯುತ್ತದೆ. ಸಾಲದ್ದಕ್ಕೆ ಉಳಿದ ಬೆಳಕು ಕೆಂಪಿಗೆ ತಿರುಗುತ್ತದೆ. ಪೇಪರಿಗೆ ಕೆಂಪು ಕಾಣುವುದೇ ಇಲ್ಲ.

ಪೇಪರಿನ ಮೇಲೆ ಜೆಲಾಟಿನ್‌ನಲ್ಲಿ ಕಲಸಿ ಬಳಿದಿರುವುದು ಬೆಳ್ಳಿಯ ಲವಣದ ಹರಳುಗಳು. ಸಿಲ್ವರ್ ಕ್ಲೋರೈಡಿಗೆ ಅತಿನೇರಳೆ ಮತ್ತು ನೇರಳೆ ಬೆಳಕು ಬೇಕು. ಸಿಲ್ವರ್ ಬ್ರೋಮೈಡ್ ನೀಲಿಗೂ ಸ್ಪಂದಿಸುತ್ತದೆ. ಸಾದಾ ಬಲ್ಬಿನಲ್ಲಿ ನೇರಳೆ ತೀರಾ ಕಡಿಮೆಯಾದ್ದರಿಂದ ಕ್ಲೋರೈಡ್ ಪೇಪರ್ ಬಹಳ ಮಂದ. ಅದಕ್ಕೇ ಅದನ್ನು ನೆಗೆಟಿವ್‌ಗೆ ತಾಗಿಸಿಟ್ಟು ಕಾಂಟ್ಯಾಕ್ಟ್ ಪ್ರಿಂಟಿಗೇ ಬಳಸುತ್ತಿದ್ದರು. ಮುಂದೆ ಬೇಕಲೈಟ್ ಕಂಡುಹಿಡಿದ ಲಿಯೋ ಬೇಕಲೆಂಡ್ 1890ರ ದಶಕದಲ್ಲಿ ಮಾರಿದ ‘ವೆಲಾಕ್ಸ್’ ಈ ಜಾತಿಯದು. ಗ್ಯಾಸ್‌ಲೈಟನ್ನು ಸಣ್ಣದು ಮಾಡಿ ಪೇಪರ್ ಹೊರತೆಗೆಯುವುದು, ದೊಡ್ಡದು ಮಾಡಿ ಬೆಳಕು ಕೊಡುವುದು, ಅಷ್ಟು ನಿಧಾನಿ. ಎನ್‌ಲಾರ್ಜರಿನಲ್ಲಿ ಹಿಗ್ಗಿಸಿ ತೆಗೆಯುವ ಪ್ರಿಂಟಿಗೆ ಬ್ರೋಮೈಡ್ ಇರುವ ಪೇಪರ್ ಬೇಕು.

ಪೇಪರಿನ ಈ ವೇಗಕ್ಕೆ, ಅಂದರೆ ಸ್ಪೀಡಿಗೆ, ಐಎಸ್‌ಒ ಅಳತೆಯಿದೆ: ‘ಪಿ’ ಅಂಕಿ. ನಿಗದಿಯಾದ ಒಂದು ಮಟ್ಟದ ಬೂದು ಬಣ್ಣ ಬರಲು ಎಷ್ಟು ಲಕ್ಸ್-ಸೆಕೆಂಡ್ ಬೆಳಕು ಬೇಕೋ ಅದರಿಂದ 1000ವನ್ನು ಭಾಗಿಸಿದರೆ ಬರುವುದು. ಫಿಲ್ಮಿನ ಐಎಸ್‌ಒ ಬೇರೆ, ಇದು ಬೇರೆ, ಎರಡನ್ನೂ ಹೋಲಿಸಬಾರದು. ಇಲ್‌ಫರ್ಡ್‌ನ ಮಲ್ಟಿಗ್ರೇಡ್-4 ಆರ್‌ಸಿ ಪೇಪರಿಗೆ ಫಿಲ್ಟರ್ ಇಲ್ಲದೆ ಪಿ 500, ಕಾಂಟ್ರಾಸ್ಟ್ ಬದಲಿಸುವ ಫಿಲ್ಟರ್‌ಗಳಲ್ಲಿ ಮೂರೂವರೆಯವರೆಗಿನವಕ್ಕೆ ಪಿ 200, ನಾಲ್ಕು-ಐದಕ್ಕೆ ಪಿ 100 ಇತ್ತು. ಲೆಕ್ಕ ಸರಳ: ಪಿ 200ರಲ್ಲಿ 10 ಸೆಕೆಂಡ್ ಹಿಡಿದರೆ ಪಿ 500ಕ್ಕೆ 4 ಸಾಕು, ಪಿ 100ಕ್ಕೆ 20 ಬೇಕು.

ಅಂಕಿ ಒಳ್ಳೆಯ ಆರಂಭ ಅಷ್ಟೇ. ಹಳೆಯ ಪೊಟ್ಟಣದ ಪೇಪರ್ ಸ್ಪೀಡ್ ಕಳೆದುಕೊಂಡಿರುತ್ತದೆ, ಡೆವಲಪರ್ ತಣ್ಣಗಿದ್ದರೆ ಪ್ರಿಂಟು ತೆಳುವಾಗುತ್ತದೆ. ನಾನು ನಂಬುವುದು ಒಂದೇ ಪರೀಕ್ಷೆಯನ್ನು. ಹೋಲಿಸಬೇಕಾದ ಎರಡು ಪೇಪರಿನಿಂದ ಒಂದೊಂದು ಪಟ್ಟಿ ಕತ್ತರಿಸಿ, ಎನ್‌ಲಾರ್ಜರ್ ಕೆಳಗೆ ಪಕ್ಕಪಕ್ಕದಲ್ಲಿ ಮಲಗಿಸಿ. ಒಂದೇ ರಟ್ಟನ್ನು ಎರಡರ ಮೇಲೂ ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತ 2, 4, 8, 16 ಸೆಕೆಂಡ್ ಬೆಳಕು ಕೊಡಿ. ಒಂದೇ ಟ್ರೇಯಲ್ಲಿ, ಒಂದೇ ಹೊತ್ತು ಡೆವಲಪ್ ಮಾಡಿ. ವೋಲ್ಟೇಜ್ ಬಿದ್ದರೂ ಎರಡಕ್ಕೂ ಒಟ್ಟಿಗೇ ಬಿದ್ದಿರುತ್ತದೆ. ಒಣಗಿದ ಮೇಲೆ ಒಂದು ಪಟ್ಟಿಯ 4 ಸೆಕೆಂಡಿನ ಬೂದು, ಇನ್ನೊಂದರ 8ಕ್ಕೆ ಹೊಂದಿದರೆ ಮೊದಲನೆಯದು ಎರಡು ಪಟ್ಟು ವೇಗ.

ಡಾರ್ಕ್‌ರೂಮಿನ ಕೆಂಪು ದೀಪ, ಅಂದರೆ ಸೇಫ್‌ಲೈಟ್, ನಿಜಕ್ಕೂ ಪೇಪರಿಗೆ ಕಾಣದೇ ಎಂಬ ಪರೀಕ್ಷೆಯಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ಬಿಳಿ ಪೇಪರ್ ಮೇಲೆ ನಾಣ್ಯವಿಟ್ಟು ಕೆಂಪು ದೀಪದಡಿ ಬಿಟ್ಟರೆ ಗುರುತು ಬೀಳದೇ ಇರಬಹುದು. ಅಷ್ಟು ಕಡಿಮೆ ಬೆಳಕು ಒಂಟಿಯಾಗಿ ಕಪ್ಪಾಗಿಸದು. ಮೊದಲು ಎನ್‌ಲಾರ್ಜರಿನಿಂದ ತಿಳಿ ಬೂದು ಬರುವಷ್ಟು ಬೆಳಕು ಕೊಟ್ಟು, ಆಮೇಲೆ ನಾಣ್ಯವಿಡಿ. ಆಗ ದೀಪದ ಬಣ್ಣ ಬಯಲಾಗುತ್ತದೆ.

ನಿಮ್ಮ ಅಟ್ಟದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಪೇಪರಿನ ಹಳೆಯ ಪೊಟ್ಟಣ ಇದ್ದರೆ ಹಗಲಲ್ಲಿ ಬಿಚ್ಚಬೇಡಿ. ಕತ್ತಲಲ್ಲಿ ಒಂದು ಪಟ್ಟಿ ಕತ್ತರಿಸಿ, ಬೆಳಕು ಕೊಡದೆ ಡೆವಲಪರ್‌ಗೆ ಹಾಕಿ, ಹೈಪೊದಲ್ಲಿ ಅದ್ದಿ ನೋಡಿ. ಬಿಳಿಯಾಗಿ ಉಳಿದರೆ ಆ ಪೇಪರ್ ಇನ್ನೂ ಕೆಲಸಕ್ಕೆ ಬರಬಹುದು.