ಕಾಲು ಬೆಳೆಯುತ್ತದೆ, ಕ್ಯಾಲಿಪರ್ ಬೆಳೆಯಬೇಡವೆ?

ನಲವತ್ತು ದಾಟಿದವರಿಗೆ ಆ ಸದ್ದು ನೆನಪಿರಬಹುದು. ಕಾಲಿಗೆ ಚರ್ಮದ ಬೂಟು, ಬೂಟಿನ ಎರಡೂ ಬದಿಗೆ ತೊಡೆಯವರೆಗೆ ಏರಿದ ಉಕ್ಕಿನ ಪಟ್ಟಿ, ಮಂಡಿಯ ಬಳಿ ಒಂದು ಬೀಗ. ಶಾಲೆಯ ಜಗಲಿಯ ಮೇಲೆ ಹೆಜ್ಜೆ ಇಟ್ಟಾಗಲೆಲ್ಲ ‘ಕಟಕ್’ ಎನ್ನುತ್ತಿತ್ತು. ಪೋಲಿಯೊ ಬಡಿದ ಮಗುವಿಗೆ ಅದೇ ಕಾಲು. ಇಂಗ್ಲಿಷಿನಲ್ಲಿ ಅದಕ್ಕೆ ಏನೇನೋ ಹೆಸರುಗಳಿದ್ದರೂ ನಮ್ಮ ಜನ ಎಲ್ಲವನ್ನೂ ‘ಕ್ಯಾಲಿಪರ್’ ಎಂದೇ ಕರೆದರು.

ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರವೂ ಸಿಕ್ಕಿತು. ರೋಗ ಹೋಯಿತು, ಸರಿ. ಆದರೆ ಅದು ಮುಟ್ಟಿ ಹೋದ ಕಾಲುಗಳು ಇನ್ನೂ ನಡೆಯುತ್ತಿವೆ. ಆಗಿನ ಮಕ್ಕಳು ಈಗ ಮಧ್ಯವಯಸ್ಕರು. ಅಪಘಾತ, ಪಾರ್ಶ್ವವಾಯು, ಹುಟ್ಟಿನಿಂದ ಬಂದ ಮೆದುಳಿನ ತೊಂದರೆ ಇವುಗಳಿಂದ ಆಸರೆ ಬೇಕಾದವರು ಬೇರೆ. ಇವರಿಗೆಲ್ಲ ಕ್ಯಾಲಿಪರ್ ಕೊಡುವುದು ಅಂಥ ಕಷ್ಟದ ಕೆಲಸವಲ್ಲ. ಕೊಟ್ಟದ್ದು ಹೊಂದಿಕೊಳ್ಳುವಂತೆ ಮಾಡುವುದೇ ಕಷ್ಟ. ಶಿಬಿರದಲ್ಲಿ ಹಾರ ಹಾಕಿ, ಫೋಟೊ ತೆಗೆಸಿ ಕೊಟ್ಟ ಕ್ಯಾಲಿಪರ್ ಆರು ತಿಂಗಳಲ್ಲಿ ಅಟ್ಟ ಸೇರಿತೆಂದರೆ ತಪ್ಪು ತೊಟ್ಟವರದಲ್ಲ.

ಹೊಂದಿಕೊಳ್ಳುವುದು ಎಂದರೇನು? ಚಪ್ಪಲಿಗಾದರೆ ಪಾದದ ಉದ್ದವೊಂದು ಗೊತ್ತಾದರೆ ಸಾಕು. ಕ್ಯಾಲಿಪರ್‌ಗೆ ತೊಡೆಯ ಸುತ್ತಳತೆ ಬೇಕು, ಮೀನಖಂಡದ ಸುತ್ತಳತೆ ಬೇಕು, ನೆಲದಿಂದ ಮಂಡಿಯ ಕೀಲಿನವರೆಗಿನ ಎತ್ತರ ಬೇಕು, ಪಾದದ ಕೀಲು ನಿಲ್ಲಬೇಕಾದ ಕೋನ ಬೇಕು. ಪೋಲಿಯೊ ಬಂದ ಕಾಲು ಇನ್ನೊಂದಕ್ಕಿಂತ ಸಪೂರ, ಅನೇಕ ವೇಳೆ ಗಿಡ್ಡ ಕೂಡ. ಮಗುವಿನದಾದರೆ ಉದ್ದ ವರ್ಷದಿಂದ ವರ್ಷಕ್ಕೆ ಬದಲು. ಬೆಳೆದವರ ಕಾಲೂ ಸುಮ್ಮನಿರುವುದಿಲ್ಲ. ಬೆಳಿಗ್ಗೆ ಸರಿಯಾಗಿ ಕೂತ ಪಟ್ಟಿ, ಕಾಲು ಊದಿಕೊಂಡ ಸಂಜೆ ಬಿಗಿಯುತ್ತದೆ.

ಎಲ್ಲಕ್ಕಿಂತ ಗೋಳು ಮಂಡಿಯದು. ಅದು ಬಾಗಿಲ ತಿರುಗಣೆಯಂತೆ ಒಂದೇ ಬಿಂದುವಿನ ಮೇಲೆ ತಿರುಗುವ ಕೀಲಲ್ಲ. ಮಡಚುವಾಗ ಮೂಳೆ ಉರುಳುತ್ತದೆ, ಜಾರುತ್ತದೆ, ತಿರುಗುವ ಬಿಂದುವೇ ಸರಿಯುತ್ತಾ ಹೋಗುತ್ತದೆ. ಕ್ಯಾಲಿಪರ್‌ನ ಕೀಲಾದರೋ ಒಂದೇ ಮೊಳೆಯ ಮೇಲೆ ತಿರುಗುತ್ತದೆ. ಎರಡರ ನಡುವೆ ಕೊಂಚ ವ್ಯತ್ಯಾಸವಾದರೂ ಕೂತೆದ್ದಾಗಲೆಲ್ಲ ಪಟ್ಟಿ ಮೇಲಕ್ಕೂ ಕೆಳಕ್ಕೂ ಉಜ್ಜಿ ಚರ್ಮ ಕೀಳುತ್ತದೆ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಪಾದವನ್ನು ಮೇಲೆತ್ತುವ ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಪಟ್ಟಿ ಅಲ್ಲಿ ಒತ್ತಿದರೆ ಆಸರೆಗೆಂದು ಕಟ್ಟಿದ್ದೇ ಪಾದ ಜೋಲುವಂತೆ ಮಾಡೀತು. ಆದ್ದರಿಂದ ‘ಹೇಗೂ ಎಳೆದು ಕಟ್ಟಿದರಾಯಿತು’ ಎಂಬ ಮಾತು ಇಲ್ಲಿ ಸಲ್ಲದು.

ಸರಿಯಾದ ದಾರಿ ಎಂದರೆ ಪ್ರತಿಯೊಬ್ಬರ ಕಾಲಿಗೂ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು. ಆ ಅಚ್ಚಿನಿಂದ ಗಚ್ಚಿನ ಕಾಲು ಮಾಡಿ, ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಹೊದಿಸಿ ರೂಪ ಕೊಡುತ್ತಾರೆ. ಚೆನ್ನಾಗಿ ಹೊಂದುತ್ತದೆ. ಆದರೆ ನುರಿತ ಕೈ ಬೇಕು, ಒಲೆ ಬೇಕು, ಹಳ್ಳಿಯವರು ಎರಡು ಮೂರು ಸಲ ಪಟ್ಟಣಕ್ಕೆ ಬಸ್ಸು ಹಿಡಿಯಬೇಕು. ಮಗು ಬೆಳೆದರೆ ಎಲ್ಲವೂ ಮತ್ತೆ ಮೊದಲಿನಿಂದ.

ಎರಡನೆಯ ದಾರಿ, ಕೆಲವೇ ಅಳತೆಗಳಲ್ಲಿ ಬಿಡಿಭಾಗ ತಯಾರಿಸಿ, ತೊಡುವವರ ಎದುರಿಗೇ ಜೋಡಿಸಿ ಹೊಂದಿಸುವುದು. 1972ರಲ್ಲಿ ಸ್ಥಾಪನೆಯಾದ ಕಾನ್ಪುರದ ‘ಅಲಿಮ್ಕೊ’ ಸಂಸ್ಥೆ ಕ್ಯಾಲಿಪರ್‌ನ ಪಟ್ಟಿ, ಕೀಲುಗಳನ್ನು ಹೀಗೆ ಬಿಡಿಬಿಡಿಯಾಗಿ ತಯಾರಿಸುತ್ತಾ ಬಂದಿದೆ. ಪಟ್ಟಿಯಲ್ಲಿ ಸಾಲಾಗಿ ತೂತು ಕೊರೆದಿದ್ದರೆ ಮಗು ಬೆಳೆದಂತೆ ಎರಡು ತಿರುಪು ಬಿಚ್ಚಿ ಒಂದು ತೂತು ಮೇಲಕ್ಕೆ ಸರಿಸಬಹುದು. ಚರ್ಮದ ಬಕಲ್ ಪಟ್ಟಿಯ ಜಾಗಕ್ಕೆ ವೆಲ್ಕ್ರೊ ಬಂದ ಮೇಲೆ ಸುತ್ತಳತೆಯ ತಲೆನೋವು ಅರ್ಧ ಕಳೆಯಿತು.

ಹಾಗಾದರೆ ಎಲ್ಲವನ್ನೂ ಸರಿಸುವಂತೆ ಮಾಡಿಬಿಡಬಾರದೇಕೆ? ಹೊಸದಾಗಿ ವಿನ್ಯಾಸಕ್ಕಿಳಿದವರಿಗೆ ಬರುವ ಮೋಹ ಇದು. ಪ್ರತಿ ತಿರುಪೂ ಒಂದಿಷ್ಟು ತೂಕ ಸೇರಿಸುತ್ತದೆ. ಪ್ರತಿ ಜೋಡಣೆಯೂ ಒಂದು ದಿನ ಸಡಿಲವಾಗುತ್ತದೆ. ಉದ್ದ ಸರಿಸಬಹುದಾದದ್ದಿರಲಿ, ಸುತ್ತಳತೆ ತೊಡುವವರ ಕೈಯಲ್ಲೇ ಇರಲಿ. ಆದರೆ ಕೀಲಿನ ಸ್ಥಾನ, ಪಾದದ ಕೋನ ತಿಳಿದವರು ಒಮ್ಮೆ ಕೂರಿಸಿದ ಮೇಲೆ ಕದಲಕೂಡದು. ಇನ್ನೊಂದು ಮಾತು: ಬಿಗಿಯಲು ಬೇಕಾದ ಉಪಕರಣ ಊರಿನ ಸೈಕಲ್ ಷಾಪಿನಲ್ಲಿ ಇರುವಂಥದ್ದಾಗಿರಬೇಕು. ಎಲ್ಲೂ ಸಿಗದ ಒಂದು ತಿರುಪು ಬಿದ್ದುಹೋದರೆ ಇಡೀ ಕ್ಯಾಲಿಪರ್ ಗುಜರಿಗೇ.

ಬಹಳ ಕಾಲುಗಳಿಗೆ ಒಂದೇ ರೂಪ ಹುಡುಕಿದವರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ಕಾಲು ಮುರಿದ ಸೈನಿಕರಿಗೆ ಕಟ್ಟುತ್ತಿದ್ದ ಲೋಹದ ದಬ್ಬೆ, ಸಾಗಿಸುವಾಗ ಅದುರಿ ಗಾಯವನ್ನು ಹೆಚ್ಚಿಸುತ್ತಿತ್ತು. ಚಾರ್ಲ್ಸ್ ತಮ್ಮದೇ ಕಾಲಿನ ಅಚ್ಚು ತೆಗೆದು, ಬಾಗಿಸಿದ ಪ್ಲೈವುಡ್ಡಿನಿಂದ ದಬ್ಬೆ ಮಾಡಿದರು. ಅದರಲ್ಲಿ ಅಲ್ಲಲ್ಲಿ ಸೀಳುಗಂಡಿ. ಬ್ಯಾಂಡೇಜನ್ನು ಅದರೊಳಗೆ ಹಾಯಿಸಿ ಕಾಲು ದಪ್ಪವಿದ್ದರೆ ಸಡಿಲ, ಸಪೂರವಿದ್ದರೆ ಬಿಗಿ. ಒಂದು ತಿರುಪೂ ಇಲ್ಲ! ಅಮೆರಿಕದ ನೌಕಾಪಡೆಗೆ ಇಂಥ ಸುಮಾರು 1,50,000 ದಬ್ಬೆಗಳು ಹೋದವು. ಇದೇ ದಂಪತಿ 1958ರಲ್ಲಿ ಭಾರತಕ್ಕೆ ಬಂದು, ನಮ್ಮ ತಂಬಿಗೆಯ ವಿನ್ಯಾಸವನ್ನು ಬಾಯ್ತುಂಬ ಹೊಗಳಿ ಬರೆದ ವರದಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹುಟ್ಟಿಗೆ ಕಾರಣ.

ತೂಕದ ಮಾತಿಗೆ ಬಂದರೆ ಹೈದರಾಬಾದಿನ ಕಥೆ ಹೇಳದೆ ಇರಲಾಗದು. ಎ.ಪಿ.ಜೆ. ಅಬ್ದುಲ್ ಕಲಾಂ ಅಲ್ಲಿನ ಕ್ಷಿಪಣಿ ಪ್ರಯೋಗಾಲಯದಲ್ಲಿದ್ದಾಗ ನಿಜಾಮ್ಸ್ ಆಸ್ಪತ್ರೆಯ ಮೂಳೆ ವೈದ್ಯರೊಬ್ಬರು ಬಂದು ‘ಅಗ್ನಿ’ಗೆ ಬಳಸಿದ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿದರು. ಅದರ ಹಗುರಕ್ಕೆ ಬೆರಗಾಗಿ ಕಲಾಂ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಪುಟ್ಟ ಮಕ್ಕಳು ಮೂರು ಕಿಲೊಗೂ ಹೆಚ್ಚು ತೂಕದ ಕ್ಯಾಲಿಪರ್ ಎಳೆದುಕೊಂಡು ನಡೆಯುತ್ತಿದ್ದರು. ಮೂರು ವಾರಗಳಲ್ಲಿ 300 ಗ್ರಾಂ ತೂಕದ್ದು ಸಿದ್ಧವಾಯಿತೆಂದು ಕಲಾಂ ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು.

ವಸ್ತು ಹಗುರವಾದದ್ದಷ್ಟೇ ಇದರ ಗುಟ್ಟಲ್ಲ. ತೊಡೆಯ ಭಾಗವನ್ನೂ ಬೀಗವನ್ನೂ ತೆಗೆದುಹಾಕಿರುವುದು ನಿಜವಾದ ಜಾಣ್ಮೆ. ಪಾದದ ಕೀಲನ್ನು ಗಟ್ಟಿಯಾಗಿ ಹಿಡಿದು, ಮಂಡಿಯ ಕೆಳಗೆ ಮುಂಭಾಗದಲ್ಲಿ ಒಂದು ಆನಿಕೆ ಇಡುತ್ತಾರೆ. ಹೆಜ್ಜೆ ಊರಿದಾಗ ನೆಲ ಮರಳಿ ಒತ್ತುವ ಬಲವೇ ಆನಿಕೆಯ ಮೂಲಕ ಮಂಡಿಯನ್ನು ಹಿಂದಕ್ಕೆ ತಳ್ಳಿ ನೆಟ್ಟಗೆ ನಿಲ್ಲಿಸುತ್ತದೆ. ಕೂರುವಾಗ ಮಂಡಿ ತಾನಾಗಿ ಮಡಚುತ್ತದೆ. ಹಳೆಯ ಕ್ಯಾಲಿಪರ್ ತೊಟ್ಟವರು ಬಸ್ಸಿನಲ್ಲಿ ಬೀಗ ಎತ್ತಲು ಜಾಗವಿಲ್ಲದೆ ಕಾಲನ್ನು ಕಂಬದಂತೆ ಚಾಚಿ ಕೂರುವ ಪಾಡು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಎಲ್ಲರಿಗೂ ಇದು ಆಗದು; ಮಂಡಿ ಸೆಟೆದುಕೊಂಡು ನೆಟ್ಟಗಾಗದವರಿಗೆ ಉಪಯೋಗವಿಲ್ಲ.

ಬೂಟಿಗೆ ಜೋಡಿಸಿದ ಕ್ಯಾಲಿಪರ್ ನಮ್ಮ ಮನೆಗಳಿಗೆ ಒಗ್ಗಿದ್ದೂ ಅಷ್ಟಕ್ಕಷ್ಟೆ. ಹೊಸಿಲ ಹೊರಗೆ ಚಪ್ಪಲಿ ಬಿಡುವ ಜನ ನಾವು. ಬೂಟು ಬಿಚ್ಚಿದರೆ ಕಾಲೇ ಬಿಚ್ಚಿದಂತೆ. ಪಾದದಡಿ ತೆಳ್ಳಗೆ ಕೂರುವ ಪ್ಲಾಸ್ಟಿಕ್ ಬಂದ ಮೇಲೆ ಅದನ್ನು ಚಪ್ಪಲಿಯ ಮೇಲೂ ತೊಡಬಹುದು, ಬರಿದಾಗಿಯೂ ತೊಡಬಹುದು. ಬೇಸಿಗೆಯಲ್ಲಿ ಬೆವರುವುದೊಂದು ಕಾಟ, ಒಳಗೆ ಹತ್ತಿಯ ಕಾಲುಚೀಲ ಬೇಕೇ ಬೇಕು.

ಈಗಿನ ಮಕ್ಕಳಲ್ಲಿ ಆಸರೆ ಬೇಡುವ ಇನ್ನೊಂದು ತೊಂದರೆ ಹುಟ್ಟಿನಿಂದಲೇ ಬರುವ ಸೊಟ್ಟ ಪಾದ. ಅಮೆರಿಕದ ಅಯೋವಾದ ವೈದ್ಯ ಇಗ್ನೇಷಿಯೊ ಪೊನ್ಸೆಟಿ ತೋರಿಸಿಕೊಟ್ಟ ಕ್ರಮದಲ್ಲಿ ವಾರವಾರ ಪ್ಲಾಸ್ಟರ್ ಬದಲಿಸುತ್ತಾ ಪಾದವನ್ನು ತಿರುಗಿಸುತ್ತಾರೆ. ಆಮೇಲೆ ಕೋಲೊಂದಕ್ಕೆ ಜೋಡಿಸಿದ ಎರಡು ಬೂಟು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕು ವರ್ಷ ತುಂಬುವವರೆಗೆ ರಾತ್ರಿ ಹೊತ್ತು ತೊಡಿಸಬೇಕು. ತಪ್ಪಿಸಿದರೆ ಪಾದ ಮತ್ತೆ ಸೊಟ್ಟಗಾಗುವ ಸಂಭವ ಹೆಚ್ಚು. ಕೋಲಿನ ಉದ್ದ ಮಗುವಿನ ಭುಜದಗಲದಷ್ಟಿರಬೇಕು. ಮಗು ಅಗಲವಾದಂತೆ ಅದೂ ಉದ್ದವಾಗಬೇಕು.

ಉಗಾಂಡಾದಲ್ಲಿ ಮಿಖಿಲ್ ಸ್ಟೀನ್‌ಬೀಕ್ ಎಂಬ ತಂತ್ರಜ್ಞ ಇದನ್ನೇ ಊರಲ್ಲಿ ಸಿಗುವ ಚರ್ಮ, ಪ್ಲೈವುಡ್, ಕಬ್ಬಿಣದ ಸರಳಿನಿಂದ ಮಾಡಿ ತೋರಿಸಿದರು. ಬೂಟಿನ ಮುಂಭಾಗ ತೆರೆದೇ ಇರುತ್ತದೆ, ಬೆರಳು ಬೆಳೆಯಲು ಜಾಗವಿರಲೆಂದು. ಹಿಮ್ಮಡಿಯ ಬಳಿ ಒಂದು ಸಣ್ಣ ತೂತು. ಮಗುವಿಗೆ ಬೂಟು ಕಟ್ಟಿದ ತಾಯಿ ಆ ತೂತಿನಲ್ಲಿ ಇಣುಕಿ, ಹಿಮ್ಮಡಿ ತಳ ಮುಟ್ಟಿ ಕೂತಿದೆಯೇ ಎಂದು ನೋಡುತ್ತಾಳೆ. ಕೂತಿಲ್ಲದಿದ್ದರೆ ಬಿಚ್ಚಿ ಇನ್ನೊಮ್ಮೆ ಕಟ್ಟುತ್ತಾಳೆ.